ಇಪ್ಪತ್ತು ದಾಟಿದ, ಐವತ್ತು ಮುಟ್ಟದ ಕಾರು

“ಮಾಷ್ಟ್ರೇ, ಆರುನೂರು ಇದ್ದದ್ದು ಹತ್ತು ಸಾವಿರ ಆಗಿದೆಯಂತೆ, ಗೊತ್ತುಂಟಾ?”

ಪಾಗಾರದ ಆಚೆಯಿಂದ ಶೆಟ್ರು ಮಾತು ಶುರು ಮಾಡುವುದೇ ಹೀಗೆ. ಯಾವುದಕ್ಕೆ ಆರುನೂರು, ಯಾವುದಕ್ಕೆ ಹತ್ತು ಸಾವಿರ ಎಂದು ನಾನು ಕೇಳಬೇಕಾಗಿರಲಿಲ್ಲ. ಅವರ ಅಂಗಳದ ತಗಡಿನ ಚಪ್ಪರದಡಿ 1987ರ ಪ್ರೀಮಿಯರ್ ಪದ್ಮಿನಿ ನಿಂತಿದೆ. ಬಿಜೈಯ ನಮ್ಮ ಓಣಿಯಲ್ಲಿ ಯಾರೂ ಅದನ್ನು ಪದ್ಮಿನಿ ಎನ್ನುವುದಿಲ್ಲ, ಎಲ್ಲರಿಗೂ ಅದು ಶೆಟ್ರ ಫಿಯೆಟ್. ಮುಂಬೈಯ ಹೋಟೆಲಿನಲ್ಲಿ ದುಡಿದು ಊರಿಗೆ ಬಂದವರು ಮೊದಲು ಕೊಂಡ ಕಾರು. ಸ್ಟಿಯರಿಂಗಿನ ಬುಡದಲ್ಲೇ ಗೇರಿನ ಕೋಲು, 1089 ಸಿಸಿ ಎಂಜಿನ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಕೆಎ 19 ಎನ್ನುವ ನಂಬರು ನಮ್ಮೂರಿಗೆ ಬರುವುದಕ್ಕೂ ಮೊದಲಿನ ಗಾಡಿ. ನನ್ನ ಮಗಳನ್ನು ಹೆರಿಗೆಗೆ ಆಸ್ಪತ್ರೆಗೆ ಸೇರಿಸಿದ್ದು ಇದೇ ಕಾರಿನಲ್ಲಿ. ಆದ್ದರಿಂದ ಅದರ ವಿಷಯ ಬಂದರೆ ನನಗೂ ಒಂದು ಪಾಲು ಉಂಟು.

ಶೆಟ್ರ ಲೆಕ್ಕ ಸರಿಯಾಗಿಯೇ ಇತ್ತು. 2022ರ ಫೆಬ್ರವರಿಯಲ್ಲಿ ಆರ್‌ಸಿ ನವೀಕರಣ ಮಾಡಿಸಿದಾಗ ಅವರು ಕಟ್ಟಿದ ಶುಲ್ಕ 600 ರೂಪಾಯಿ. ಅದೇ ಏಪ್ರಿಲ್ ಒಂದರಿಂದ ಹದಿನೈದು ವರ್ಷ ದಾಟಿದ ಕಾರಿಗೆ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಅದರ ಮೇಲೆ ಇನ್ನೊಂದು ಮೆಟ್ಟಿಲು ಕಟ್ಟಿತು. ಇಪ್ಪತ್ತು ವರ್ಷ ದಾಟಿದ್ದರೆ ಕಾರಿಗೆ 10,000, ಬೈಕಿಗೆ 2,000, ವಿದೇಶದಿಂದ ತರಿಸಿದ ಕಾರಾದರೆ 80,000. ಶೆಟ್ರ ಆರ್‌ಸಿಯ ಅವಧಿ ಮುಗಿಯುವುದು 2027ರ ಫೆಬ್ರವರಿಗೆ. ನಡುವಿನ ಐದು ಸಾವಿರದ ಮೆಟ್ಟಿಲನ್ನು ತುಳಿಯದೆಯೇ ಅವರು ಆರುನೂರರಿಂದ ನೇರ ಹತ್ತು ಸಾವಿರಕ್ಕೆ ಹೋಗಬೇಕು.

“ದುಡ್ಡಿನ ಮಾತಲ್ಲ ಮಾಷ್ಟ್ರೇ,” ಎಂದರು ಶೆಟ್ರು. “ಐದು ವರ್ಷಕ್ಕೆ ಒಮ್ಮೆ ಹತ್ತು ಸಾವಿರ ಹೇಗಾದರೂ ಕೊಡುವ. ಆದರೆ ಎಂತದಕ್ಕೆ ಅಷ್ಟು ಅಂತ ಒಬ್ಬರಾದರೂ ಹೇಳಬೇಕಲ್ಲ? ಹೆಚ್ಚು ಕೊಟ್ಟದ್ದಕ್ಕೆ ಹೆಚ್ಚು ಚೆಂದ ಪರೀಕ್ಷೆ ಮಾಡ್ತಾರಾ?”

ಈ ಪ್ರಶ್ನೆ ನನಗೆ ಬಹಳ ಸರಿ ಕಂಡಿತು. ಸರ್ಕಾರದ ಉದ್ದೇಶ ಮುಚ್ಚುಮರೆಯದ್ದಲ್ಲ. ಹಳೆ ಗಾಡಿಗಳು ಹೆಚ್ಚು ಹೊಗೆ ಉಗುಳುತ್ತವೆ, ಡಿಕ್ಕಿಯಾದರೆ ಒಳಗಿದ್ದವರನ್ನು ಕಾಪಾಡುವುದಿಲ್ಲ, ಆದ್ದರಿಂದ ಜನ ಅವನ್ನು ಗುಜರಿಗೆ ಕೊಟ್ಟು ಹೊಸದು ಕೊಳ್ಳಲಿ ಎಂಬುದು ಅವರ ಲೆಕ್ಕ. ಗುಜರಿಗೆ ಹಾಕಿದ ಪತ್ರ ತೋರಿಸಿದರೆ ಹೊಸ ಖಾಸಗಿ ಕಾರಿನ ತೆರಿಗೆಯಲ್ಲಿ ಶೇ 25ರ ತನಕ ರಿಯಾಯಿತಿ ಕೊಡಬಹುದು ಎಂದು ರಾಜ್ಯಗಳಿಗೆ ಹೇಳಿದ್ದೂ ಇದಕ್ಕೇ. ಸರ್ಕಾರ ತನ್ನ ಗಾಡಿಗಳಿಗೂ ಇದೇ ಮಾತು ಅನ್ವಯಿಸಿಕೊಂಡಿದೆ. 2023ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನದ ನೋಂದಣಿ ನವೀಕರಣವಾಗುವುದಿಲ್ಲ. ನಮ್ಮ ಮಕ್ಕಳು ಮೊಮ್ಮಕ್ಕಳು ಉಸಿರಾಡುವ ಗಾಳಿಯ ಪ್ರಶ್ನೆ ಇದು. ನನ್ನ ತಕರಾರು ಉದ್ದೇಶದ ಮೇಲೆ ಅಲ್ಲವೇ ಅಲ್ಲ.

ತಕರಾರು ಇರುವುದು ಅಳತೆಗೋಲಿನ ಮೇಲೆ. ಶುಲ್ಕ ಹೊಗೆಯನ್ನು ಅಳೆಯುವುದಿಲ್ಲ, ಬ್ರೇಕನ್ನು ಅಳೆಯುವುದಿಲ್ಲ, ಹುಟ್ಟಿದ ವರ್ಷವನ್ನು ಮಾತ್ರ ಎಣಿಸುತ್ತದೆ. ಆದರೆ ಎಮಿಷನ್ ಟೆಸ್ಟಿನ ನಿಯಮ ನೋಡಿ, ಅದರಲ್ಲಿ ಎಷ್ಟು ವಿವೇಕ ಉಂಟು. ಭಾರತ್ ಸ್ಟೇಜ್ 2 ಬರುವ ಮೊದಲಿನ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 3ರ ಒಳಗೆ, ಹೈಡ್ರೋಕಾರ್ಬನ್ 1,500 ಪಿಪಿಎಂ ಒಳಗೆ ಇರಬೇಕು. ಸ್ಟೇಜ್ 2 ಮತ್ತು 3ರ ಕಾರಿಗಾದರೆ ಶೇ 0.5 ಮತ್ತು 750. ಅಂದರೆ ಆ ಯಂತ್ರ ತನ್ನ ಕಾಲದಲ್ಲಿ ಎಷ್ಟು ಚೆನ್ನಾಗಿ ಉರಿಯಲು ಸಾಧ್ಯವಿತ್ತೋ ಅಷ್ಟು ಉರಿಯುತ್ತಿದೆಯೇ ಎಂದು ನಿಯಮ ಕೇಳುತ್ತದೆ. ಅಷ್ಟಿದ್ದರೆ ಪಾಸು, ಇಲ್ಲದಿದ್ದರೆ ರಿಪೇರಿ ಮಾಡಿಸಿ ಬನ್ನಿ. ಶೆಟ್ರು ಎಮಿಷನ್‌ಗೆ ಹೊರಡುವ ಮುಂಚೆ ಬಾನೆಟ್ ಎತ್ತಿ, ಎಂಜಿನ್ ಬಿಸಿಯಾಗುವ ತನಕ ಕಾದು, ಸೋಲೆಕ್ಸ್ ಕಾರ್ಬ್ಯುರೇಟರಿನ ಮಿಕ್ಸ್ಚರ್ ಸ್ಕ್ರೂವನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ ತಿರುಗಿಸಿ, ಕಿವಿಗೊಟ್ಟು ಕೇಳುವುದನ್ನು ನಾನು ಪಾಗಾರದ ಈಚೆಯಿಂದ ನೋಡುತ್ತೇನೆ. ನಿಯಮ ನ್ಯಾಯವಾಗಿದ್ದರೆ ಮನುಷ್ಯ ಅದಕ್ಕೆ ತಕ್ಕಂತೆ ನಡೆದುಕೊಳ್ಳಲು ಎಷ್ಟು ಶ್ರದ್ಧೆ ವಹಿಸುತ್ತಾನೆ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಬ್ರೇಕಿನ ಮಾತಿಗೆ ಬರುವ. ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಶೆಟ್ರು ಮುಂದಿನ ಎಡ ಚಕ್ರ ಬಿಚ್ಚಿ, ಡ್ರಮ್ಮನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಹೊರಗೆ ಎಳೆದಿದ್ದರು. ನನ್ನನ್ನು ಕರೆದು ತೋರಿಸಿದರು. ಲೈನಿಂಗ್ ಇನ್ನೂ ದಪ್ಪ ಇತ್ತು, ತೊಂದರೆ ಅಲ್ಲಿರಲಿಲ್ಲ. ವೀಲ್ ಸಿಲಿಂಡರಿನ ರಬ್ಬರ್ ಕಪ್ಪಿನ ಅಂಚಿನಲ್ಲಿ ಒಂದು ಒದ್ದೆ. ಬೆರಳು ಹಚ್ಚಿ ಮೂಸಿದರೆ ಬ್ರೇಕ್ ಆಯಿಲಿನ ವಾಸನೆ. “ಇದು ನೋಡಿ ಮಾಷ್ಟ್ರೇ. ಇದು ಚಾರ್ಮಾಡಿ ಇಳಿಯುವಾಗ ಗೊತ್ತಾಗಬಾರದು, ಇಲ್ಲಿಯೇ ಗೊತ್ತಾಗಬೇಕು” ಎಂದರು. ಘಾಟಿ ಇಳಿಯುವಾಗ ಡ್ರಮ್ ಬ್ರೇಕು ಕಾದುಬಿಟ್ಟರೆ ಪೆಡಲ್ ತುಳಿದಷ್ಟೂ ಹಿಡಿತ ಕಡಿಮೆಯಾಗುತ್ತದೆ. ಹಾಗಾಗಿ ಹಳಬರು ಎರಡನೇ ಗೇರಿನಲ್ಲೇ ಇಳಿಸುತ್ತಿದ್ದರು. ಅದು ಗೊತ್ತಿಲ್ಲದವರ ಕೈಯಲ್ಲಿ ಹಳೆ ಕಾರು ನಿಜವಾಗಿಯೂ ಅಪಾಯ.

ಆ ಒದ್ದೆಯನ್ನು ಯಾವ ತಪಾಸಣೆ ಹಿಡಿಯುತ್ತದೆ? ಖಾಸಗಿ ಕಾರಿನ ನವೀಕರಣಕ್ಕೆ ಹೋದರೆ ಬ್ರೇಕ್ ಇನ್‌ಸ್ಪೆಕ್ಟರು ಚಾಸಿಸ್ ನಂಬರು, ಎಂಜಿನ್ ನಂಬರು ಆರ್‌ಸಿಯೊಂದಿಗೆ ತಾಳೆ ನೋಡುತ್ತಾರೆ, ಲೈಟು, ಇಂಡಿಕೇಟರು, ಹಾರ್ನು, ವೈಪರು ನೋಡುತ್ತಾರೆ. ಸಾಲಿನಲ್ಲಿ ಎಷ್ಟೋ ಗಾಡಿ ಕಾಯುತ್ತಿರುತ್ತವೆ. ಕಣ್ಣಿನಿಂದ ನೋಡಿ ನಾಲ್ಕು ಚಕ್ರದ ಹಿಡಿತ ಸಮನಾಗಿದೆಯೇ ಎಂದು ಹೇಳಲು ಯಾವ ಮನುಷ್ಯನಿಗೂ ಸಾಧ್ಯವಿಲ್ಲ, ಅದಕ್ಕೆ ರೋಲರ್ ಮೇಲೆ ಚಕ್ರ ತಿರುಗಿಸಿ ಅಳೆಯುವ ಯಂತ್ರವೇ ಬೇಕು. ಅಂಥ ಯಂತ್ರಗಳ ಆಟೊಮೇಟೆಡ್ ಟೆಸ್ಟಿಂಗ್ ಸ್ಟೇಷನ್‌ಗಳಿಗೆ ಕೇಂದ್ರ 2021ರಲ್ಲಿ ನಿಯಮ ಮಾಡಿತು. ಬಾಡಿಗೆ ವಾಹನಗಳ ಎಫ್‌ಸಿಗೆ ಅದನ್ನು ಕಡ್ಡಾಯ ಮಾಡಲು ಗಡುವು ಹಾಕಿ, ಮುಂದೂಡಿ, ಕೊನೆಗೆ 2024ರ ಅಕ್ಟೋಬರ್ ಒಂದು ಎಂದು ಇಟ್ಟಿತು. ಯಂತ್ರ ಎಂದರೆ ಹಳೆ ಕಾರಿನವರು ಹೆದರುತ್ತಾರೆ. ನಾನು ಹೇಳುವುದು ಹೆದರುವುದು ಬೇಡ ಎಂದು. ಯಂತ್ರಕ್ಕೆ ಕಾರಿನ ವಯಸ್ಸು ಕಾಣುವುದಿಲ್ಲ, ಅದು ಬ್ರೇಕಿನ ಬಲ ಮಾತ್ರ ಹೇಳುತ್ತದೆ. ಹತ್ತು ಸಾವಿರ ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಲಿ, ಬದಲಿಗೆ ನಾಲ್ಕೂ ಚಕ್ರದ ಅಂಕಿ ಬರೆದ ಒಂದು ಚೀಟಿ ಕೊಡಲಿ. ಶೆಟ್ರು ಅದನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿಯಾರು.

ತುಕ್ಕಿನ ಕತೆ ಬೇರೆಯೇ ಉಂಟು. ಮಂಗಳೂರಿನಲ್ಲಿ ಕಾರು ಇಟ್ಟುಕೊಂಡವರಿಗೆ ಅದನ್ನು ಹೇಳಬೇಕಾಗಿಲ್ಲ. ಕಡಲಿನ ಗಾಳಿ, ಜೂನಿನಿಂದ ಸೆಪ್ಟೆಂಬರ್ ತನಕ ಬಿಡದ ಮಳೆ, ಅದರ ಮೇಲೆ ಬಂದರಿನಿಂದ ಹೊರಟ ಮೀನಿನ ಲಾರಿಗಳು ರಸ್ತೆಯುದ್ದಕ್ಕೂ ಸುರಿಸಿಕೊಂಡು ಹೋಗುವ ಉಪ್ಪು ನೀರು. ಮಡ್‌ಗಾರ್ಡಿನ ಒಳಮೈ, ಬಾಗಿಲಿನ ತಳ, ಕಾಲಡಿಯ ತಗಡು ಮೊದಲು ಹೋಗುತ್ತವೆ. ಮೇಲೆ ಪೈಂಟು ಮಿಂಚುತ್ತಿರುತ್ತದೆ, ಮ್ಯಾಟ್ ಎತ್ತಿದರೆ ರಸ್ತೆ ಕಾಣುತ್ತದೆ. ಶೆಟ್ರ ಫಿಯೆಟ್ಟಿನ ಕಾಲಡಿಯ ತಗಡು ಕತ್ತರಿಸಿ ಹೊಸದು ಬೆಸುಗೆ ಹಾಕಿಸಿದ್ದಾರೆ. ಅದನ್ನು ಮಾಡಿದ ಟಿಂಕರಿಂಗಿನವರಿಗೆ ಈಗ ಎಪ್ಪತ್ತು ದಾಟಿದೆ. ಅವರ ಮಗ ಗಲ್ಫಿನಲ್ಲಿದ್ದಾನೆ, ಈ ಕೆಲಸ ಕಲಿಯಲಿಲ್ಲ.

ಮೋಟಾರಿನ ಕೈಗುಣ ನಮ್ಮ ಊರಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಸಿಪಿಸಿ ಎಂದು ನಾವೆಲ್ಲ ಕರೆಯುವ ಕೆನರಾ ಪಬ್ಲಿಕ್ ಕನ್ವೇಯನ್ಸ್ 1914ರಲ್ಲೇ ಇಲ್ಲಿ ಶುರುವಾದ ಕಂಪನಿ. ಕೆನರಾ ವರ್ಕ್‌ಶಾಪ್ಸ್ ಮಾಡಿದ ಸ್ಪ್ರಿಂಗ್ ಪಟ್ಟಿಗಳು ಬಹಳ ದೂರದ ಊರುಗಳ ಲಾರಿ ಬಸ್ಸುಗಳ ಅಡಿಯಲ್ಲಿ ಭಾರ ಹೊತ್ತಿವೆ. ನದಿ, ಘಾಟಿ, ಮಣ್ಣಿನ ರಸ್ತೆಗಳ ಈ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳು ನೂರು ವರ್ಷ ಓಡಿದ್ದು ಮೇಸ್ತ್ರಿಗಳ ಬಲದಿಂದ. ಹಳೆ ಕಾರನ್ನು ಉಳಿಸಿಕೊಂಡವನು ಆ ಮೇಸ್ತ್ರಿಗೆ ಕೆಲಸ ಉಳಿಸಿಕೊಟ್ಟಿರುತ್ತಾನೆ. ನಿಯಮ ಬರೆಯುವವರ ಕಣ್ಣಿಗೆ ಇದು ಬೀಳಬೇಕು ಎಂದು ನನ್ನ ಆಸೆ.

“ಅಲ್ಲ ಶೆಟ್ರೇ, ವಿಂಟೇಜ್ ಅಂತ ಮಾಡಿಸಿದರೆ ಆಗುವುದಿಲ್ಲವಾ?” ಎಂದು ನಾನೇ ಕೇಳಿದೆ.

“ಅದಕ್ಕೆ ಐವತ್ತು ಆಗಬೇಕು ಮಾರಾಯ್ರೇ. ಇದಕ್ಕೆ ಇನ್ನೂ ನಲ್ವತ್ತು ತುಂಬಲಿಲ್ಲ.”

2021ರ ಜುಲೈಯಲ್ಲಿ ಬಂದ ವಿಂಟೇಜ್ ನಿಯಮ ಒಳ್ಳೆಯದೇ. ಐವತ್ತು ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗದೆ ಮೂಲರೂಪದಲ್ಲಿರುವ ಎರಡು ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಅದು ಮೊದಲ ಬಾರಿಗೆ ಒಂದು ಸ್ಥಾನ ಕೊಟ್ಟಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಆಮೇಲೆ ಐದು ವರ್ಷಕ್ಕೆ 5,000. ನಂಬರಿನಲ್ಲಿ ವಿಎ ಎಂಬ ಅಕ್ಷರ. ಆದರೆ ದಿನನಿತ್ಯ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ತುಂಬಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೆ ಹೋದವರು ಅಲ್ಲಿನ ಕಾರುಗಳ ಮುಂದೆ ನಿಂತು ಬಂದಿರುತ್ತಾರೆ. ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಎಂದು ಇನ್ನೊಂದು ಸಂಗ್ರಹಾಲಯವೂ ಆಗಿದೆ. ಅಂಥ ಕಾರುಗಳಿಗೆ ಈ ನಿಯಮ ಸರಿಯಾಗಿ ಹೊಂದುತ್ತದೆ, ಏಕೆಂದರೆ ಅವು ಸಂತೆಗೆ ಹೋಗಬೇಕಾಗಿಲ್ಲ.

ಇಪ್ಪತ್ತಕ್ಕೂ ಐವತ್ತಕ್ಕೂ ನಡುವೆ ಮೂವತ್ತು ವರ್ಷದ ಒಂದು ಹೊಂಡ ಉಂಟು. ಶೆಟ್ರ ಫಿಯೆಟ್ಟು ಬಿದ್ದಿರುವುದು ಅದರಲ್ಲಿ. ಮೊದಲ ತಲೆಮಾರಿನ ಮಾರುತಿ 800 ಬಂದದ್ದು 1983ರ ಡಿಸೆಂಬರ್‌ನಲ್ಲಿ, ಅದರ ಮೊದಲನೆಯದಕ್ಕೂ ಐವತ್ತು ತುಂಬಲು 2033 ಆಗಬೇಕು. ಕಾಂಟೆಸ್ಸಾಕ್ಕೆ ಇನ್ನೂ ತಡ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಅಲ್ಲಿಂದ ಕೊನೆಗೆ ಹೊರಬಂದ ಯೆಜ್ಡಿ ಬೈಕು ವಿಂಟೇಜ್ ಆಗುವುದು 2046ಕ್ಕೆ. ಅಷ್ಟರ ತನಕ ಇವುಗಳನ್ನು ಸಾಕುವವನು ಐದು ವರ್ಷಕ್ಕೊಮ್ಮೆ ಎತ್ತರದ ಶುಲ್ಕ ಕಟ್ಟಬೇಕು. ಒಂದು ವಾಯಿದೆ ತಪ್ಪಿದರೆ ಕಾರಿಗೆ ತಿಂಗಳಿಗೆ 500 ರೂಪಾಯಿ, ಬೈಕಿಗೆ 300 ದಂಡ ಏರುತ್ತಾ ಹೋಗುತ್ತದೆ. ಮನೆ ಹಿಂದೆ ತಾಡಪಾಲು ಹೊದ್ದು ನಿಂತ ಎಷ್ಟೋ ಗಾಡಿಗಳು ಗುಜರಿಗೆ ಹೋಗುವುದು ಕೆಟ್ಟದ್ದರಿಂದ ಅಲ್ಲ, ಈ ಬಾಕಿ ಬೆಳೆದು ಗಾಡಿಯ ಬೆಲೆಯನ್ನೇ ಮೀರಿದ್ದರಿಂದ.

ಬೇರೆ ದೇಶಗಳಲ್ಲಿ ಈ ಹೊಂಡಕ್ಕೆ ಸೇತುವೆ ಕಟ್ಟಿದ್ದಾರೆ. ಜರ್ಮನಿಯಲ್ಲಿ ಮೂವತ್ತು ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ಕಾರಿಗೆ ಪರೀಕ್ಷೆ ಮಾಡಿ ‘ಎಚ್’ ಅಕ್ಷರದ ನಂಬರು ಕೊಡುತ್ತಾರೆ, 1997ರಿಂದ. ಆ ಕಾರನ್ನು ಓಡಿಸಲೂಬಹುದು. ಬ್ರಿಟನ್ 2018ರ ಮೇಯಿಂದ ನಲ್ವತ್ತು ವರ್ಷ ದಾಟಿದ, ಹೆಚ್ಚು ಬದಲಾಗದ ವಾಹನಗಳಿಗೆ ವಾರ್ಷಿಕ ತಪಾಸಣೆಯನ್ನೇ ಬಿಟ್ಟುಬಿಟ್ಟಿದೆ. ಬ್ರಿಟನ್ನಿನ ದಾರಿ ನನಗೆ ಒಪ್ಪಿಗೆಯಿಲ್ಲ. ತಪಾಸಣೆ ಬೇಕೇ ಬೇಕು, ಹಳೆಯದಾದಷ್ಟೂ ಹೆಚ್ಚು ಬೇಕು. ಜರ್ಮನಿಯದ್ದು ನಮಗೆ ಹೊಂದುತ್ತದೆ. ದಿಲ್ಲಿಯಲ್ಲಿ ಆದದ್ದು ಮಾತ್ರ ಇಲ್ಲಿ ಆಗಬಾರದು. ಅಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳಿಗೆ ಹಸಿರು ನ್ಯಾಯಮಂಡಳಿ ತಡೆ ಹಾಕಿ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದು, 2025ರ ಜುಲೈ ಒಂದರಿಂದ ಬಂಕಿನಲ್ಲಿ ಎಣ್ಣೆಯನ್ನೇ ಹಾಕದೆ, ಕೆಲವೇ ದಿನಗಳಲ್ಲಿ ಆ ಕ್ರಮವನ್ನು ತಡೆಹಿಡಿದು, ಜನ ಕಂಗಾಲಾದರು. ಕರ್ನಾಟಕದಲ್ಲಿ ಖಾಸಗಿ ಕಾರಿಗೆ ಅಂಥ ವಯಸ್ಸಿನ ಗಡಿ ಇಲ್ಲ. ನಮಗೆ ಅದೊಂದು ದೊಡ್ಡ ಭಾಗ್ಯ.

ಇಷ್ಟು ಹೊತ್ತಿಗೆ ಶೆಟ್ರ ಅಕ್ಕನ ಮಗ ಜೀಪಿನಲ್ಲಿ ಬಂದ. ಬರುವುದು ಮೊದಲು ಕಿವಿಗೆ ಗೊತ್ತಾಗುತ್ತದೆ, ಆಮೇಲೆ ಕಣ್ಣಿಗೆ. ಕೆಪಿಟಿಯಲ್ಲಿ ಆಟೊಮೊಬೈಲ್ ಓದಿದ ಹುಡುಗ, ಕೈಕೆಲಸ ಬಲು ಚೆನ್ನ. ಹಳೆ ಮಹೀಂದ್ರ ಜೀಪಿಗೆ ಅಗಲದ ಟಯರು, ಮುಂದೆ ಉಕ್ಕಿನ ಬುಲ್ ಬಾರ್, ಮೇಲೆ ಎಲ್‌ಇಡಿ ಲೈಟಿನ ಸಾಲು, ಹಿಂದೆ ದಪ್ಪ ಸೈಲೆನ್ಸರು. ಮಾವನ ಎದುರು ಸ್ವಲ್ಪ ತಗ್ಗಿ ಮಾತಾಡುತ್ತಾನೆ. “ತಲಪಾಡಿ ದಾಟಲಿಕ್ಕೆ ಧೈರ್ಯ ಇಲ್ಲ ಮಾಷ್ಟ್ರೇ, ಕೇರಳದವರು ಆಲ್ಟರ್ ಮಾಡಿದ ಗಾಡಿ ಕಂಡರೆ ಬಿಡುವುದಿಲ್ಲ” ಎಂದ.

ಕೇರಳದವರಷ್ಟೇ ಅಲ್ಲ, ಕಾನೂನು ಎಲ್ಲ ಕಡೆ ಒಂದೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಿಸಿದ ಕಂಪನಿ ಕೊಟ್ಟ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದನ್ನು ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಹಾಗೆ ಬದಲಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳ ತನಕ ಸಜೆ, ಅಥವಾ ಎರಡೂ ಎಂದಾಯಿತು.

ಬುಲ್ ಬಾರ್, ಸೈಲೆನ್ಸರ್, ಲೈಟು, ಈ ಮೂರರ ಬಗ್ಗೆ ನಾನು ಹುಡುಗನಿಗೆ ಮುಖಕ್ಕೆ ಹೇಳಿದೆ. ಬುಲ್ ಬಾರ್ ತೆಗೆಸಿ ಎಂದು ಕೇಂದ್ರ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಆ ಕಬ್ಬಿಣ ಜೀಪನ್ನು ಕಾಯುವುದು ಎದುರಿಗೆ ಸಿಕ್ಕಿದ ಮನುಷ್ಯನ ಎಲುಬಿನ ಲೆಕ್ಕದಲ್ಲಿ. ಪಡೀಲಿನಿಂದ ಪಂಪ್‌ವೆಲ್ ತನಕ ರಾತ್ರಿ ಬೈಕಿನಲ್ಲಿ ಬಂದವನಿಗೆ ಎದುರಿನ ಎಲ್‌ಇಡಿ ಎಂದರೆ ಏನು ಎಂದು ಗೊತ್ತು, ಎರಡು ಕ್ಷಣ ಕಣ್ಣು ಕತ್ತಲೆ. ಸೈಲೆನ್ಸರಿನ ಸದ್ದಿಗೆ ನಮ್ಮ ಓಣಿಯ ಹಾಸಿಗೆ ಹಿಡಿದ ಅಜ್ಜಿ ಬೆಚ್ಚಿ ಏಳುತ್ತಾರೆ. ಇದರಲ್ಲಿ ಹವ್ಯಾಸ ಎಂದು ವಾದಿಸಲು ಜಾಗವೇ ಇಲ್ಲ. ಮಂಗಳೂರಿನ ಟ್ರಾಫಿಕ್ ಪೊಲೀಸರು ಇಂಥದ್ದನ್ನು ಹಿಡಿದಾಗ ನಾನು ಪೊಲೀಸರ ಪರ.

ಹುಡುಗ ಎದುರು ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: “ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿದ್ದೇನೆ. ಹಿಂದಿನ ಸೀಟಿಗೂ ಬೆಲ್ಟ್ ಹಾಕಿದ್ದೇನೆ. ಅದೂ ತಪ್ಪಾ?”

ಇಲ್ಲಿಯೇ ಕಾನೂನಿನ ಬಲೆ ತೀರಾ ಸಣ್ಣ ಕಣ್ಣಿನದಾಗಿ, ಬಿಡಬೇಕಾದ ಮರಿಮೀನನ್ನೂ ಎಳೆದು ತರುತ್ತದೆ. ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಎಂದರೆ ಬೇರೆ. ಪ್ರಾಣ ಉಳಿಸುವ ಬೇರೆಗೂ ಪ್ರಾಣ ತೆಗೆಯುವ ಬೇರೆಗೂ ಅದರಲ್ಲಿ ವ್ಯತ್ಯಾಸ ಇಲ್ಲ. ಎಂಜಿನ್ನಿನ ವಿಷಯವೂ ಹಾಗೆಯೇ. ನಮ್ಮ ಕಡೆ ಅಂಬಾಸಿಡರಿಗೆ ಮೆಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿ ವರ್ಷಗಟ್ಟಲೆ ಓಡಿಸಿದವರಿದ್ದರು. ಈಗ ಎಂಜಿನ್ ಬದಲಿಸಲು ಮೊದಲು ಆರ್‌ಟಿಒ ಅನುಮತಿ ಬೇಕು, ಅದೇ ಜಾತಿಯ ಎಂಜಿನ್ ಆಗಬೇಕು, ಆರ್‌ಸಿಯಲ್ಲಿ ಹೊಸ ನಂಬರು ಏರಬೇಕು. ನಿಯಮ ಸರಿ, ಕಳ್ಳ ಗಾಡಿ ತಡೆಯಲು ಅದು ಬೇಕು. ಆದರೆ ಅಂಬಾಸಿಡರ್ ತಯಾರಿ ನಿಂತದ್ದು 2014ರಲ್ಲಿ. ಫಿಯೆಟ್ ಮಾಡುತ್ತಿದ್ದ ಕುರ್ಲಾದ ಕಾರ್ಖಾನೆಯಲ್ಲಿ ಅದಕ್ಕೂ ಹತ್ತಾರು ವರ್ಷ ಮೊದಲೇ ಕೆಲಸ ನಿಂತಿತ್ತು. ಅದೇ ಕಂಪನಿಯ ಹೊಸ ಎಂಜಿನ್ ಎಲ್ಲಿಂದ ತರುವುದು? ಇನ್ನೊಂದು ಹಳೆ ಕಾರನ್ನು ಗುಜರಿಯಲ್ಲಿ ಬಿಚ್ಚಿಯೇ ತರಬೇಕು.

ದಾರಿ ಇಲ್ಲ ಎಂದಲ್ಲ, ಕಾಯ್ದೆಯೊಳಗೇ ಉಂಟು. ಗ್ಯಾಸ್ ಕಿಟ್ ಹಾಕಿಸುವಾಗ ಎಂತ ಮಾಡುತ್ತೇವೆ? ಪರೀಕ್ಷೆ ಮಾಡಿ ಒಪ್ಪಿದ ಕಿಟ್, ಅಧಿಕೃತ ಸೆಂಟರಿನಲ್ಲಿ ಜೋಡಣೆ, ಆರ್‌ಸಿಯಲ್ಲಿ ದಾಖಲೆ. ಅಂಗವೈಕಲ್ಯ ಇರುವವರು ಕೈಯಿಂದಲೇ ಬ್ರೇಕ್, ಆಕ್ಸಿಲರೇಟರ್ ಹಿಡಿಯುವಂತೆ ಕಾರು ಬದಲಿಸಿಕೊಳ್ಳಲೂ ಕಾಯ್ದೆ ಅವಕಾಶ ಕೊಟ್ಟಿದೆ. ಅದೇ ಮಾದರಿಯಲ್ಲಿ ಹಳೆ ಕಾರಿಗೆ, ಹಳೆ ಜೀಪಿಗೆ ಡಿಸ್ಕ್ ಬ್ರೇಕಿನ ಒಪ್ಪಿತ ಕಿಟ್, ಸೀಟ್ ಬೆಲ್ಟಿನ ಒಪ್ಪಿತ ಕಿಟ್ ಎಂದು ಪಟ್ಟಿ ಮಾಡಿದರೆ ಈ ಹುಡುಗನ ಕೈಕೆಲಸ ಕದ್ದುಮುಚ್ಚಿ ನಡೆಯುವುದು ತಪ್ಪುತ್ತದೆ. ತಪಾಸಣೆಗೆ ಹೋಗುವಾಗ ಒಳ್ಳೆಯ ಬ್ರೇಕು ಬಿಚ್ಚಿಟ್ಟು ಹಳೆಯ ಡ್ರಮ್ ಹಾಕಿಕೊಂಡು ಹೋಗುವ ಸ್ಥಿತಿ ಯಾರಿಗೂ ಬರಬಾರದು.

“ಹಾಗಾದರೆ ಒಂದು ಅರ್ಜಿ ಬರೆಯಿರಿ ಮಾಷ್ಟ್ರೇ, ನಾನೂ ಸಹಿ ಹಾಕ್ತೇನೆ, ನಾಲ್ಕು ಜನರದ್ದು ಹಾಕಿಸ್ತೇನೆ,” ಎಂದರು ಶೆಟ್ರು.

ಬರೆಯುತ್ತಿದ್ದೇನೆ. ಸಚಿವಾಲಯಕ್ಕೆ ಒಂದು ಪ್ರತಿ, ನಮ್ಮ ಸಂಸದರಿಗೆ ಒಂದು. ಮೂವತ್ತು ವರ್ಷ ದಾಟಿದ, ಮೂಲರೂಪದ ಖಾಸಗಿ ವಾಹನಕ್ಕೆ ಪ್ರತ್ಯೇಕ ದರ್ಜೆ ಕೊಡಿ, ಯಂತ್ರದಲ್ಲಿ ಬ್ರೇಕು ಅಳೆಯಿರಿ, ಪಾಸಾದರೆ ಶುಲ್ಕ ಇಳಿಸಿ, ಫೇಲಾದರೆ ರಿಪೇರಿ ಆಗುವ ತನಕ ರಸ್ತೆಗೆ ಬಿಡಬೇಡಿ ಎಂದು. ತುಕ್ಕು ಹಿಡಿದ ತಗಡಿಗೆ ಬೆಸುಗೆ ಹಾಕಿದ್ದನ್ನು ದುರಸ್ತಿ ಎಂದು ಪರಿಗಣಿಸಿ, ಬದಲಾವಣೆ ಎಂದು ಅಲ್ಲ ಎಂದೂ ಸೇರಿಸಿದ್ದೇನೆ, ಏಕೆಂದರೆ ಕರಾವಳಿಯಲ್ಲಿ ಬೆಸುಗೆ ಕಾಣದ ಹಳೆ ಕಾರು ಹುಡುಕಿದರೂ ಸಿಗುವುದು ಕಷ್ಟ.

ಅರ್ಜಿಗೆ ಉತ್ತರ ಬರುವ ತನಕ ಕಾಯುತ್ತ ಕೂರಲು ಆಗುವುದಿಲ್ಲವಲ್ಲ. ಅವಧಿ ಮುಗಿಯುವ ಅರವತ್ತು ದಿನ ಮೊದಲಿನಿಂದ ನವೀಕರಣಕ್ಕೆ ಅರ್ಜಿ ಹಾಕಬಹುದು, ಅಂದರೆ ಶೆಟ್ರು ಡಿಸೆಂಬರ್‌ನಲ್ಲೇ ಹೊರಡಬಹುದು. ವೀಲ್ ಸಿಲಿಂಡರಿನ ನಾಲ್ಕು ಕಪ್ಪು ತರಲು ಹೇಳಿಯಾಗಿದೆ. ಜೀಪಿನ ಬುಲ್ ಬಾರ್ ಬಿಚ್ಚಲು ಹುಡುಗ ಮಾವನ ಸ್ಪ್ಯಾನರ್ ಪೆಟ್ಟಿಗೆ ಕೇಳಿದ್ದಾನೆ. ಹದಿನೇಳರ ಸ್ಪ್ಯಾನರ್ ಅದರಲ್ಲಿಲ್ಲ, ನನ್ನ ಮನೆಯಿಂದ ಒಯ್ದ.